ಬೂಸು ಹಿಡಿಯದ ಅಂಟು

ಮಾರ್ಚ್ 9, ಶನಿವಾರ

ಮೀನುಗಳಿಗೆ ದನದ ಹೃದಯ ಅರೆದು ಹಾಕಿದೆ. ಗಂಡು ತಿಂದಿತು. ಹೆಣ್ಣು ಮೂಸಿ ಬಿಟ್ಟಿತು. ನೀರು ಇಪ್ಪತ್ತೊಂಬತ್ತು ಡಿಗ್ರಿ, ತೊಂದರೆಯಿಲ್ಲ. ಚಿಕಿತ್ಸಾಧಾಮದಿಂದ ಮಧ್ಯಾಹ್ನವಷ್ಟೇ ಬಂದದ್ದು, ಚೀಲ ಇನ್ನೂ ಬಿಚ್ಚಿಲ್ಲ. ಸೊಂಟಕ್ಕೆ ಹೊಸ ಕೀಲು ಹಾಕಿ ಮೂರು ವಾರ ಬಿಸಿನೀರಿನಲ್ಲಿ ಕೂರಿಸಿದರು. ಆದರೂ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತ ಮೇಲೇ ನೋವು ಮರೆತದ್ದು.

ನಾನಿಲ್ಲದಾಗ ಮರಿಯಾಗಿವೆ. ಡಿಸ್ಕಸ್ ಮೀನಿನ ಮರಿಗಳಿಗೆ ಅಪ್ಪ ಅಮ್ಮನ ಮೈಮೇಲಿನ ಲೋಳೆಯೇ ಹಾಲು. ತಟ್ಟೆಯಂಥ ಎರಡೂ ಮೀನುಗಳ ಪಕ್ಕೆಗೆ ಸಾಸಿವೆ ಎರಚಿದ ಹಾಗೆ ಅಂಟಿಕೊಂಡಿವೆ. ಈ ಕೆಂಪು ತಳಿ ಒಸ್ತ್ರಾವಾ ಊರಿನಲ್ಲೆಲ್ಲ ಇರುವುದು ನನ್ನೊಬ್ಬಳ ಹತ್ತಿರ. ಒತಾಕರ್ ಹತ್ತಿರವೂ ಇಲ್ಲ. ಮೂರು ವಾರ ಬಂದು ಆಹಾರ ಹಾಕಿದವನು ಅವನೇ. ನಮ್ಮ ಮೀನು ಸಾಕುವವರ ಸಂಘದವನು, ಹಳೆಯ ಸ್ನೇಹಿತ. ಮನೆ ಕೀಲಿ ಕೊಟ್ಟು ಹೋಗಿದ್ದೆ.

ಆದರೆ ಮನೆಯಲ್ಲಿ ವಾಸನೆ. ವಿನೆಗರ್. ಈ ಚಳಿಯಲ್ಲಿ ಕಿಟಕಿಗಳೆಲ್ಲ ಹಾರುಹೊಡೆದಿವೆ.

"ಏನಿದು ನಾತ?"

"ಸೌತೆಕಾಯಿ ಉಪ್ಪಿನಕಾಯಿ ಹಾಕ್ದೆ," ಅಂದ ನನ್ನ ಗಂಡ ಲುದ್ವೀಕ್. ನನ್ನ ಕಡೆ ನೋಡಲಿಲ್ಲ.

ಮಾರ್ಚಿನಲ್ಲಿ ಸೌತೆಕಾಯಿ? ಜೀವಮಾನವೆಲ್ಲ ಬೇಕರಿಯಲ್ಲಿ ಕೇಕ್ ಮಾಡಿದ ಗಂಡಸು. ಒಂದು ಸೌತೆಕಾಯಿಯನ್ನೂ ಜಾಡಿಗೆ ಇಳಿಸಿದವನಲ್ಲ.

ಮಾರ್ಚ್ 10, ಭಾನುವಾರ

ಕಪಾಟಿನಲ್ಲಿ ಹೊಸ ಜಾಡಿ ಇಲ್ಲ. ನೆಲಮಾಳಿಗೆಯಲ್ಲೂ ಇಲ್ಲ. ಕೇಳಿದರೆ, "ಕೆಟ್ಟೋಯ್ತು, ಚೆಲ್ದೆ." ಒಣಗಿದ ಬ್ರೆಡ್ಡಿನ ತುಂಡನ್ನೂ ಎಸೆಯದವನು ಇವನು.

ಸಂಜೆ ಕೇಕ್ ಪೆಟ್ಟಿಗೆಗೆ ಬಟ್ಟೆ ಮುಚ್ಚಿಕೊಂಡು ಹೊರಟ. "ಈಗ ಬಂದೆ." ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ... ಕೆಳಗಿನ ಮನೆ ಬಾಗಿಲು ತೆರೆಯಿತು. ಶೆಬೆಸ್ತೊವಾ. ವಿಧವೆ. ಆ ಹೆಂಗಸು ನಕ್ಕಿದ್ದನ್ನು ಈ ಕಟ್ಟಡದಲ್ಲಿ ಯಾರೂ ಕೇಳಿಲ್ಲ. ಇವತ್ತು ನಾನು ಕೇಳಿದೆ.

ಮೂರು ವಾರ ಮನೆ ಬಿಟ್ಟದ್ದು ಹೆಚ್ಚಾಯಿತೇನೋ.

ಮಾರ್ಚ್ 11, ಸೋಮವಾರ

ಮರಿಗಳು ಉದುರುತ್ತಿವೆ. ಬೆಳಿಗ್ಗೆ ತಳದಲ್ಲಿ ಬಿಳಿ ಪುಡಿಯ ಹಾಗೆ ಬಿದ್ದಿದ್ದವು. ಅಪ್ಪ ಅಮ್ಮನ ಮೈ ಕಪ್ಪಗಾಗಿದೆ. ಉಸಿರಾಟ ಜೋರು. ನೀರು ಪರೀಕ್ಷೆ ಮಾಡಿದೆ, ತಪ್ಪೇನೂ ಕಾಣುತ್ತಿಲ್ಲ. ಪರೀಕ್ಷೆಗೆ ಸಿಗದ್ದು ಏನೋ ಇದೆ. ಯಾರೋ ಏನೋ ಹಾಕಿದ್ದಾರೆ.

ಲುದ್ವೀಕ್ ತಾನಾಗಿಯೇ ಬಂದು, "ನೀರು ಬದಲಿಸ್ಲಾ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಒಂದು ಬಕೆಟ್ ಎತ್ತಿದವನಲ್ಲ. ಬೇಡ ಅಂದೆ.

ಮಾರ್ಚ್ 12, ಮಂಗಳವಾರ

ಒತಾಕರ್ ಬಂದ. ನಾನೇ ಫೋನ್ ಮಾಡಿದ್ದೆ. ತೊಟ್ಟಿಯ ಕೆಳಗಿನ ಬೀರು ತೆಗೆದು, ಮಂಡಿಯೂರಿ, ಗಾಜಿನ ಫಿಲ್ಟರ್ ಪೆಟ್ಟಿಗೆಯನ್ನು ಮೂಸಿದ. ನನಗೆ ಬಗ್ಗಬಾರದೆಂದು ಡಾಕ್ಟರ ಆಜ್ಞೆ, ಸ್ಟೂಲಿನ ಮೇಲೇ ಕೂತಿದ್ದೆ. ಎದ್ದವನು ಸೀದಾ ಅಡುಗೆಮನೆಗೆ ಹೋದ. ಲುದ್ವೀಕ್ ಜೊತೆ ಪಿಸುಪಿಸು. ನಾನು ಊರುಗೋಲು ಹಿಡಿದು ಹೋಗುವಷ್ಟರಲ್ಲಿ ಇಬ್ಬರೂ ಸುಮ್ಮನಾದರು.

"ದ್ರಾಹಾ, ಆ ಫಿಲ್ಟರ್ ಪೆಟ್ಟಿಗೆ ಇವತ್ತೇ ಕಳಚಿ ಹೊರಗಿಡು. ನೀರು ಪೂರ್ತಿ ಬದಲಿಸು. ನನ್ನ ಸ್ಪಂಜಿನ ಫಿಲ್ಟರ್ ತಂದಿದೀನಿ, ಅದನ್ನ ಹಾಕು," ಅಂದ ಒತಾಕರ್.

"ಯಾಕೆ?"

ಲುದ್ವೀಕನ ಮುಖ ನೋಡಿದ. "ಹಳೇದಾಯ್ತು."

"ಹಳೇದಾದಷ್ಟೂ ಫಿಲ್ಟರ್‌ನಲ್ಲಿ ನೀರು ಶುದ್ಧ ಮಾಡೋ ಜೀವಾಣು ಹೆಚ್ಚುತ್ತೆ ಅಂತ ನಂಗೆ ಹೇಳ್ಕೊಟ್ಟೋನೇ ನೀನು. ಮರಿ ಇರೋ ತೊಟ್ಟಿಗೆ ಫಿಲ್ಟರ್ ಕೀಳು ಅಂತೀಯಲ್ಲ, ತಲೆ ನೆಟ್ಟಗಿದೆಯಾ?"

"ಕಾರಣ ಕೇಳಬೇಡ. ಕೀಳು."

ಕಾರಣ ಹೇಳದ ಉಪದೇಶ! ಅವನಿಗೆ ಈ ತಳಿ ಸಿಗಲಿಲ್ಲ, ನನ್ನಲ್ಲೂ ಉಳಿಯಬಾರದು. ಕೀಲಿ ವಾಪಸು ಇಸಿದುಕೊಂಡೆ. ಸ್ಪಂಜಿನ ಚೀಲ ಬಾಗಿಲ ಹತ್ತಿರ ಬಿಟ್ಟುಹೋಗಿದ್ದಾನೆ. ಮುಟ್ಟಿಲ್ಲ.

ಮಾರ್ಚ್ 15, ಶುಕ್ರವಾರ

ಮರಿ ಒಂದೂ ಇಲ್ಲ.

ಮಾರ್ಚ್ 16

ಹೆಣ್ಣು ಸತ್ತಿತು. ಲುದ್ವೀಕ್ ಪತ್ರಿಕೆಯಲ್ಲಿ ಸುತ್ತಿದ. ಅಳುತ್ತಿದ್ದ. ಮೀನಿಗೆ ಅಳುವ ಜಾತಿಯವನಲ್ಲ — ಯಾವುದಕ್ಕೆ ಅಳುತ್ತಿದ್ದಾನೆ?

ಮಾರ್ಚ್ 17, ಭಾನುವಾರ

ಸಾಕು ಮೀನಿನ ಸಂತೆಗೆ ಹೋದೆ. ಸಂಘದವರೆಲ್ಲ ಇದ್ದರು. ಒತಾಕರ್ ತನ್ನ ಮೇಜಿನಲ್ಲಿ ಮೀನಿನ ಚೀಲಗಳಿಗೆ ರಬ್ಬರ್ ಹಾಕುತ್ತಿದ್ದ. ಎದುರಿಗೇ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದೆ: "ಇವನ ಕೈಗೆ ಮನೆ ಕೀಲಿ ಕೊಡೋಕೆ ಮುಂಚೆ ಯೋಚನೆ ಮಾಡಿ. ಇವನ ಹತ್ರ ಇಲ್ಲದ ಮೀನು ನಿಮ್ಮ ಹತ್ರಾನೂ ಬದುಕಲ್ಲ."

ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕಿವಿ ಕೆಂಪಾದವು. "ಮನೆಗೆ ಹೋಗು ದ್ರಾಹಾ" ಅಂದ, ಅಷ್ಟೇ. ಇನ್ನೊಂದು ಚೀಲಕ್ಕೆ ರಬ್ಬರ್ ಹಾಕಿದ.

ಅದೇ ದಿನ, ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಊಟದ ಹೊತ್ತಿಗೆ ಲುದ್ವೀಕ್‌ಗೆ ಹೇಳಿದೆ, ಗೆದ್ದವಳ ಹಾಗೆ. ಅವನು ಚಮಚ ಕೆಳಗಿಟ್ಟ.

"ಎಲ್ಲರ ಮುಂದೆ ಅಂದ್ಯಾ?"

"ಮತ್ತೆ? ಕಿವೀಲಿ ಹೇಳ್ಲಾ?"

"ಅವನು ಏನೂ ಹೇಳ್ಲಿಲ್ವಾ?"

"ಏನು ಹೇಳ್ತಾನೆ, ಕಳ್ಳ."

"ಕಳ್ಳ ಅವನಲ್ಲ ದ್ರಾಹಾ. ನಾನು ಅವನ ಬಾಯಿ ಕಟ್ಟಿ ಹಾಕಿದ್ದೆ."

ಆಮೇಲೆ ಹೇಳಿದ. ನಾನು ಬರುವ ಎರಡು ದಿನ ಮುಂಚೆ ಫಿಲ್ಟರ್ ಪೆಟ್ಟಿಗೆ ಸೋರಿತಂತೆ. ಶೆಬೆಸ್ತೊವಾಳ ಚಾವಣಿಯಲ್ಲಿ ಕಲೆ. ಹೌಸಿಂಗ್ ಸೊಸೈಟಿಗೆ ದೂರು ಕೊಟ್ಟು ತೊಟ್ಟಿಗಳನ್ನೆಲ್ಲ ತೆಗೆಸುತ್ತೇನೆ ಎಂದು ಕೂಗಾಡಿದಳಂತೆ. ಇವನು ಅಂಗಡಿಗೆ ಓಡಿದ್ದಾನೆ, ಸಿಲಿಕೋನ್ ಅಂಟು ತಂದಿದ್ದಾನೆ, ಒಳಗಿನಿಂದ ಬಳಿದಿದ್ದಾನೆ. ಮರುದಿನವೇ ನೀರು ತುಂಬಿದ್ದಾನೆ. ವಿನೆಗರ್ ನಾತ ಆ ಅಂಟಿನದು, ಕೇಕು ಅವಳ ಬಾಯಿ ಮುಚ್ಚಿಸಲು.

"ಯಾವ ಸಿಲಿಕೋನ್?"

"ಸ್ನಾನದ ತೊಟ್ಟಿ ಚಿತ್ರ ಇತ್ತು. ನೀರಿಗೇ ಮಾಡಿದ್ದು ಅಂದ್ಕೊಂಡೆ. ಬೂಸು ಹಿಡಿಯಲ್ಲ ಅಂತ ದೊಡ್ಡದಾಗಿ ಬರೆದಿತ್ತು. ಇನ್ನೂ ಒಳ್ಳೇದಾಯ್ತು ಅಂತ..."

"ಬೂಸನ್ನ ಕೊಲ್ಲೋ ಮದ್ದು ಮೀನನ್ನ ಬಿಡುತ್ತಾ ಲುದ್ವೀಕ್?"

"ಒತಾಕರ್ ಹೇಳಿದ ಮೇಲೆ ಗೊತ್ತಾಯ್ತು."

"ಮಂಗಳವಾರಾನೇ ಗೊತ್ತಿತ್ತು."

"ಗೊತ್ತಿತ್ತು. ನಾನೇ ಹೇಳ್ತೀನಿ, ನೀನು ಹೇಳಬೇಡ ಅಂತ ಅವನ ಕೈ ಹಿಡ್ಕೊಂಡೆ. ಅವನ ಮಾತು ಕೇಳಿ ನೀನು ಪೆಟ್ಟಿಗೆ ಕೀಳ್ತೀಯ, ಮೀನು ಉಳಿಯುತ್ತೆ, ಆಮೇಲೆ ಹೇಳಿದ್ರಾಯ್ತು ಅಂತಿದ್ದೆ. ನೀನು ಕೀಳ್ಲಿಲ್ಲ."

ನಾನು ಕೀಳಲಿಲ್ಲ.

ಡಾಕ್ಟರನ್ನು ಮರೆತು ನೆಲದ ಮೇಲೆ ಮಲಗಿ ಬೀರುವಿನೊಳಗೆ ಕೈ ಹಾಕಿದೆ. ಗಾಜಿನ ಮೂಲೆಯುದ್ದಕ್ಕೂ ಬೆರಳಿಗೆ ಸಿಕ್ಕಿತು — ನಯವಾದ, ಒಂದೇ ಸಮನಾದ ಗೆರೆ, ಕೇಕಿನ ಅಂಚಿಗೆ ಕ್ರೀಮ್ ಎಳೆದಂತೆ, ಕೊನೆಯಲ್ಲಿ ಸಣ್ಣ ಸುರುಳಿ. ಇಷ್ಟು ಚೆಂದವಾಗಿ ಈ ಊರಿನಲ್ಲಿ ಒಬ್ಬನೇ ಎಳೆಯಬಲ್ಲ. ಏಳಲು ಆಗಲಿಲ್ಲ. ಅವನೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ.

ಮಾರ್ಚ್ 18

ಪೆಟ್ಟಿಗೆ ಹೊರಗೆ. ಗಂಡು ಮೀನನ್ನು ಚಿಕ್ಕ ತೊಟ್ಟಿಗೆ ಬಿಟ್ಟು, ಒತಾಕರನ ಸ್ಪಂಜು ಹಾಕಿದೆ. ಬದುಕಿದೆ. ಮೂಲೆ ಬಿಟ್ಟು ಬರುತ್ತಿಲ್ಲ.

ಮಾರ್ಚ್ 21, ಗುರುವಾರ

ಒತಾಕರನ ಮನೆಗೆ ಹೋದೆ. ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿದೆ. ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ.

"ಒತಾಕರ್, ನಾನು—"

"ಗಂಡು ಉಳೀತಾ?"

"ಉಳೀತು."

"ಪೆಟ್ಟಿಗೆ ಕೆರೆದು ಮತ್ತೆ ಅಂಟಿಸೋಕೆ ಹೋಗಬೇಡ. ಒಳಗಿನ ಸ್ಪಂಜು, ಕಲ್ಲು ಎಲ್ಲ ವಿಷ ಕುಡಿದಿರುತ್ತೆ, ಎಸಿ. ಹೊಸ ಗಾಜು ಕೊಯ್ಸಿ ಹೊಸದು ಕಟ್ಟು."

"ನಾನು ಬಂದಿದ್ದು ಅದಕ್ಕಲ್ಲ. ಆವತ್ತು ಆಡಿದ ಮಾತಿಗೆ..."

"ಅದನ್ನ ಎಲ್ಲಿ ಆಡಿದ್ಯೋ ಅಲ್ಲೇ ಬಂದು ಆಡು. ಈ ಬಾಗಿಲಲ್ಲಿ ನಂಗೆ ಕಿವಿ ಕೇಳಲ್ಲ."

ಬಾಗಿಲು ಹಾಕಿದ. ಮೆಲ್ಲಗೇ ಹಾಕಿದ.

ಮಾರ್ಚ್ 27, ಬುಧವಾರ

ಇಬ್ಬರೂ ಅಂಗಡಿಗೆ ಹೋದೆವು. ಸಿಲಿಕೋನ್ ಟ್ಯೂಬುಗಳ ಗೋಡೆ. ಲುದ್ವೀಕ್ ಒಂದೊಂದನ್ನೂ ಕನ್ನಡಕಕ್ಕೆ ತಗುಲುವಷ್ಟು ಹತ್ತಿರ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದ. "ಇದರಲ್ಲಿ ಬೂಸು ಅಂತಿದೆ." ಕೆಳಗಿಟ್ಟ. "ಇದರಲ್ಲೂ." ವಿನೆಗರ್ ವಾಸನೆ ಬೂಸಿನ ಮದ್ದು ಇರೋದು, ಇಲ್ಲದ್ದು ಎರಡು ಥರದ್ದಕ್ಕೂ ಇರುತ್ತೆ, ಮೂಗು ನಂಬಬೇಡ, ಓದು ಅಂದೆ. ಕೊನೆಗೆ ಮೀನಿನ ತೊಟ್ಟಿಗೆಂದು ಸ್ಪಷ್ಟವಾಗಿ ಬರೆದದ್ದು ಸಿಕ್ಕಿತು. ಪಂಪಿನ ಮುಚ್ಚಳವೂ ಬಿರುಕು ಬಿಟ್ಟಿದೆ. ಅದು ಪ್ಲಾಸ್ಟಿಕ್, ಸಿಲಿಕೋನ್ ಕಚ್ಚಿ ನಿಲ್ಲದು. ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟು ಬೇಕು. ಕುಡಿಯುವ ನೀರಿಗೆ ಆಗುತ್ತದೆ ಎಂದು ಬರೆದದ್ದನ್ನೇ ಆರಿಸಿದೆವು.

ಹೊಸ ಗಾಜಿಗೆ ಅಂಟು ಎಳೆದವನು ಅವನೇ. "ಬೇರೆಯವರಿಂದ ಮಾಡ್ಸು" ಅಂದ. ನೀನೇ ಮಾಡು ಅಂದೆ. ಈ ಸಲ ಗೆರೆ ಒಂದೆರಡು ಕಡೆ ಸೊಟ್ಟಗಾಯಿತು. ಪೂರ್ತಿ ವಾರ ಒಣಗಲಿ. ನೀರು ತುಂಬೋಣವೇ ಎಂದು ಅವನು ಕೇಳಲೇ ಇಲ್ಲ.

ಏಪ್ರಿಲ್ 5, ಶುಕ್ರವಾರ

ನೀರು ತುಂಬಿದ್ದು ಬುಧವಾರ. ಸೋರಿಲ್ಲ. ವಿಷ ಉಳಿದಿದೆಯೇ ನೋಡಲು ಮೊದಲು ಎರಡು ಬಸವನಹುಳ ಬಿಟ್ಟೆವು. ಗಾಜಿನ ಮೇಲೆ ಹರಿದಾಡುತ್ತಿವೆ. ಶೆಬೆಸ್ತೊವಾ ಬಂದು ತೊಟ್ಟಿಯ ಕೆಳಗೆಲ್ಲ ಮುಟ್ಟಿ ನೋಡಿದಳು.

"ಒಣಗಿದೆ ಕಣ್ರೀ," ಅಂದಳು, ಅನುಮಾನದಿಂದಲೇ. "ಇನ್ಮೇಲೆ ಕೇಕ್ ಬರಲ್ವಾ ಹಾಗಾದ್ರೆ?"

ಬರುತ್ತೆ ಅಂದೆ. ನಗು ಬಂತು. ಈ ಬಡಪಾಯಿಯ ಮೇಲೂ ಏನೇನು ಕತೆ ಕಟ್ಟಿಕೊಂಡಿದ್ದೆ.

ಏಪ್ರಿಲ್ 7, ಭಾನುವಾರ, ಬೆಳಿಗ್ಗೆ

ಸಂತೆಯ ಸಭಾಂಗಣ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಲುದ್ವೀಕ್ ಕೋಟು ಬಿಚ್ಚದೆ ಪಕ್ಕದಲ್ಲಿ ನಿಂತಿದ್ದಾನೆ.

"ನನ್ನ ಹೆಸರು ಹೇಳ್ಬಿಡು," ಅಂದ. "ಎಲ್ಲ ಹೇಳು."

"ನಿನ್ನ ಹೆಸರಿಗೆ ಅಲ್ಲೇನು ಕೆಲಸ? ಆಡಿದ್ದು ನನ್ನ ಬಾಯಿ."

ಹೇಳಬೇಕಾದದ್ದು ದೊಡ್ಡದೇನಲ್ಲ. ಮೀನು ಉಳಿಯೋ ದಾರಿ ಒತಾಕರನೇ ಹೇಳಿದ್ದ, ನಾನು ನಂಬಲಿಲ್ಲ — ಅಷ್ಟೇ. ಟ್ರಾಮಿನಲ್ಲಿ ಹೇಳಿಕೊಳ್ಳುತ್ತಾ ಬಂದೆ, ಪ್ರತಿ ಸಲ ಬೇರೆ ಬೇರೆ ಬಂತು.

ಜನ ತುಂಬಿದ್ದಾರೆ. ಆವತ್ತಿನವರೆಲ್ಲ ಇದ್ದಾರೆ. ನನ್ನನ್ನು ಕಂಡು ಇಬ್ಬರು ಮಾತು ನಿಲ್ಲಿಸಿದರು. ಒತಾಕರ್ ತನ್ನ ಮೇಜಿನಲ್ಲಿದ್ದಾನೆ. ನೋಡಿದ. ಮುಖ ತಿರುಗಿಸಿದ. ಮತ್ತೆ ನೋಡಿದ. ಈಗ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು ಕೆಳಗಿಟ್ಟ. ನನಗಾಗಿಯೇ ಇರಬೇಕು. ಇಲ್ಲದಿದ್ದರೂ ಸರಿ, ಎದ್ದು ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.