ಬಂಡೆಯ ಅರ್ಧಕ್ಕೆ ನಿಂತ ಕರಡಿ ಮತ್ತು ಪುಸ್ತಕ ಆಯ್ಕೆ ಸಮಿತಿ

ಪುಸ್ತಕ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಇರುಳಿಗ ಸಮುದಾಯದ ಲೇಖಕಿ ಮುನಿರತ್ನಮ್ಮನವರ ಮಕ್ಕಳ ಪುಸ್ತಕವನ್ನು ‘ಕಥೆಗೆ ಅಂತ್ಯವಿಲ್ಲ’ ಎಂಬ ಕಾರಣ ಕೊಟ್ಟು ತಾವು ತಿರಸ್ಕರಿಸಿದ್ದೀರಿ. ಅಂತ್ಯ ಕೊನೆಯ ಪುಟದಲ್ಲಿದೆ. ಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಇದನ್ನು ಹೇಳಲು ನೀನ್ಯಾರು ಎಂದು ತಾವು ಕೇಳಬಹುದು. ನಾನು ರಾಮನಗರದಲ್ಲಿ ಶಾಲು, ಹಾರ, ಮೈಸೂರು ಪೇಟ ಮಾರುವವನು. ತಾವು ಸನ್ಮಾನಿಸಿದ ಸಾಹಿತಿಗಳೆಲ್ಲರ ತಲೆಯ ಅಳತೆ ನನಗೆ ಗೊತ್ತು. ಆ ತಲೆಯೊಳಗೆ ಏನಿದೆಯೆಂದು ತಿಳಿಯುವುದು ತಮ್ಮ ಕೆಲಸವಲ್ಲವೇ? ಮುನಿರತ್ನಮ್ಮನವರನ್ನಂತೂ ಬಿಡದಿ, ಚನ್ನಪಟ್ಟಣ, ಕನಕಪುರ ಎಂದು ಊರೂರಿಗೆ ಕರೆಸಿ ಶಾಲು ಹೊದಿಸಿದ್ದೀರಿ, ನನ್ನ ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಆಕೆ ಮಾಗಡಿ ಕಡೆಯ ಕಾಡಂಚಿನ ಕಾಲೊನಿಯವರು. ಆಶ್ರಮಶಾಲೆಯಲ್ಲಿ ಓದಿ, ಕಥೆ ಬರೆದು, ಈಗ ಸಂಜೆ ಹೊತ್ತು ಕಾಲೊನಿಯ ಮಕ್ಕಳಿಗೆ ಓದು ಕಲಿಸುತ್ತಾರೆ. ಪುಸ್ತಕದ ಮಾತು ಮನೆಯ ಮಾತಲ್ಲವಾದ್ದರಿಂದ ಆ ಮಕ್ಕಳು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಅದಕ್ಕೇ ಒಂದು ಪುಟದಲ್ಲಿ ಇರುಳಿಗರ ಮಾತು, ಎದುರು ಪುಟದಲ್ಲಿ ಶಾಲೆಯ ಕನ್ನಡ ಇಟ್ಟು ಆಕೆ ಈ ಪುಸ್ತಕ ಮಾಡಿದರು. ತಾವು ಒಪ್ಪಿದರೆ ಅದು ಶಾಲೆಗೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ತಾವು ಆಕೆಗೆ ಕೊನೆಯ ಬಾರಿ ಶಾಲು ಹೊದಿಸಿದ ಸಮಾರಂಭದಲ್ಲಿ ನಾನು ಪೇಟದ ತಟ್ಟೆ ಹಿಡಿದು ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ. ಸಭೆ ನಿಶ್ಶಬ್ದವಾಗಿರಬೇಕೆಂದು ನಿರೂಪಕರು ಕೈಮುಗಿದು ಕೇಳಿಕೊಂಡರು. ಮುನಿರತ್ನಮ್ಮ ಪುಸ್ತಕದ ಕಥೆ ಶುರು ಮಾಡಿದರು. ಜೇನಿನ ಆಸೆಗೆ ಕರಡಿಯೊಂದು ಬಂಡೆ ಹತ್ತತೊಡಗಿತು. ಅರ್ಧ ಹತ್ತಿತು. ಆಕೆ ಸಭೆಯತ್ತ ನೋಡಿದರು, ಕಾದರು, ಮತ್ತೊಮ್ಮೆ ನೋಡಿ ಸುಮ್ಮನೆ ಹೋಗಿ ಕೂತರು. ತಾವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಆಮೇಲೆ ಪುಸ್ತಕದ ಬಗ್ಗೆ ಷರಾ ಬರೆದಿರಿ: ‘ಕರಡಿಯ ಗತಿ ಅಸ್ಪಷ್ಟ.’ ಆಗೆಲ್ಲ ಪುಸ್ತಕ ಎಲ್ಲಿತ್ತು? ತಮ್ಮೆದುರಿನ ಹೂದಾನಿಗೆ ಒರಗಿಕೊಂಡಿತ್ತು.

ಊಟದ ಹೊತ್ತಿಗೆ ನಾನು ಕೇಳಿದೆ: “ಯಾಕಕ್ಕಾ, ಅರ್ಧಕ್ಕೇ ನಿಲ್ಸ್‌ಬುಟ್ರಿ?”

“ಯಾರೂ ಹೂಂ ಅನ್ನಲಿಲ್ವಲ್ಲಪ್ಪ. ನಮ್ಮಲ್ಲಿ ಕಥೆ ಕೇಳೋರು ಹೂಂ ಅಂತಿರ್‌ಬೇಕು. ಅನ್ನಲಿಲ್ಲ ಅಂದ್ರೆ ಮಲ್ಕಂಡವ್ರೆ ಅಂತ ಲೆಕ್ಕ. ಮಲ್ಕಂಡೋರ್‌ನ ಎಬ್ಬಿಸಬಾರದು.”

ತಾವು ಎಚ್ಚರವಾಗಿದ್ದಿರೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ನಂಬುವವರು ಬೇಕಲ್ಲ?

ಕಥೆ ಪೂರ್ತಿ ಕೇಳಬೇಕೆಂಬ ಹಟಕ್ಕೆ ಬಿದ್ದು ಒಂದು ಸಂಜೆ ಆ ಕಾಲೊನಿಗೇ ಹೋದೆ. ಮಕ್ಕಳ ಹೂಂಕಾರದ ಗದ್ದಲದಲ್ಲಿ ಕರಡಿ ಬಂಡೆಯ ತುದಿ ಮುಟ್ಟಿತು. ಮುಂದೇನಾಯಿತೆಂದು ನಾನು ಹೇಳುವುದಿಲ್ಲ, ತಾವೇ ಓದಿಕೊಳ್ಳಿ. ಮೈಮರೆತು ಕೂತಿದ್ದ ನನ್ನ ಮೊಣಕೈಯನ್ನು ದಿವ್ಯ ಎಂಬ ಪುಟ್ಟ ಹುಡುಗಿ ತಿವಿದಳು. “ಮಾಮ, ನೀನು ಹೂಂ ಅಂತಾನೇ ಇಲ್ಲ. ನಿದ್ದೆ ಬತ್ತೈತಾ?” ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಆಮೇಲೆ ಅವಳೇ ಪುಸ್ತಕ ಕಸಿದುಕೊಂಡು, ಮೊದಲು ತನ್ನ ಮಾತಿನ ಪುಟ, ಆಮೇಲೆ ಕನ್ನಡದ ಪುಟ, ಎರಡನ್ನೂ ಬೆರಳಿಟ್ಟು ಓದಿ ತೋರಿಸಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ತೀರ್ಮಾನವನ್ನು ರದ್ದು ಮಾಡಿ. ಶಾಲೆ ತೆರೆಯುವ ಮೊದಲು ಪುಸ್ತಕ ಅಲ್ಲಿರಲಿ. ಅಲ್ಲಿಯವರೆಗೆ ಮುನಿರತ್ನಮ್ಮನವರಿಗೆ ಹೊದಿಸಲು ನನ್ನ ಅಂಗಡಿಯಲ್ಲಿ ಶಾಲು ಸಿಗುವುದಿಲ್ಲ. ದಿವ್ಯ ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರುತ್ತಾಳೆ. ಅವಳ ಅಣ್ಣ ಅದೇ ಶಾಲೆಯಲ್ಲಿ ಬಾಯಿ ಬಿಡದೆ ಕೂತು ಕೂತು, ಕೊನೆಗೆ ಶಾಲೆಯನ್ನೇ ಬಿಟ್ಟ. ಇವಳು ಸದ್ಯಕ್ಕೆ ಬಹಳ ಮಾತಾಡುತ್ತಾಳೆ.

ಇಂತಿ,
ಇಷ್ಟು ದಿನ ತಮ್ಮ ಸಮಾರಂಭಗಳಿಂದಲೇ ಹೊಟ್ಟೆ ಹೊರೆದ, ನಾಳೆಯಿಂದ ಹೇಗೋ ತಿಳಿಯದ
ಮುಜೀಬ್
ಸನ್ಮಾನ ಸಾಮಗ್ರಿ ವ್ಯಾಪಾರಿ, ರಾಮನಗರ