ಹನ್ನೆರಡನೆಯ ಕಾಲಂ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಅದೇ ಕಾಲೇಜು ಸಭಾಂಗಣ, ನೌಕಾಪಡೆ ಭರ್ತಿಯ ಅದೇ ವಿಡಿಯೊ. ನೀಲಿ ಸಮುದ್ರ, ನಗುವ ಮುಖಗಳು. ಹನ್ನೊಂದು ವರ್ಷ ಸಬ್‌ಮರೀನ್‌ನಲ್ಲಿದ್ದೆ — ಇಷ್ಟು ನೀಲಿ ಕಂಡದ್ದು ಈ ವಿಡಿಯೊದಲ್ಲೇ. ಡೀಸೆಲ್ ನಾತದ ಬಗ್ಗೆ ಚಕಾರವಿಲ್ಲ. ಒಬ್ಬ ಎದ್ದ ಹಾಸಿಗೆಯಲ್ಲಿ, ಬೆವರು ಆರುವ ಮುಂಚೆ, ಇನ್ನೊಬ್ಬ ಮಲಗುವ ಬಗ್ಗೆಯೂ ಇಲ್ಲ. ನಾವೆಲ್ಲ ಒಂದೇ ಕುಟುಂಬ ಎಂದು ಭಾಷಣ ಮುಗಿಸಿದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸಿತು.

ಮಾರ್ಚ್ 6
ಭರ್ತಿ ಕಚೇರಿಯ ಸಾಹೇಬರನ್ನು ಕಂಡೆ. ನೌಕರಿಯಿಂದ ಬಿಡುಗಡೆ ಕೋರಿದ ನನ್ನ ಅರ್ಜಿ ಎಂಟು ತಿಂಗಳಿಂದ ಅವರ ಡ್ರಾಯರ್‌ನಲ್ಲಿದೆ. ಹೊಸಬರು ಬರುತ್ತಿಲ್ಲವಂತೆ, ಇದ್ದವರು ನಿಲ್ಲುತ್ತಿಲ್ಲವಂತೆ, ಒಂದು ಸಬ್‌ಮರೀನ್ ಜನವಿಲ್ಲದೆ ದಡದಲ್ಲೇ ನಿಂತಿದೆಯಂತೆ. ಯಾಕೆ ಬಿಟ್ಟು ಹೋಗುತ್ತಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ಚಹಾ ಹೀರುತ್ತ —
"ನಾಲ್ಕು ಜನರನ್ನ ಕರ್ಕೊಂಡ್ ಬಾ. ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ."
ಥೂ, ದಲ್ಲಾಳಿ ಕೆಲಸ. ಒಪ್ಪಿಕೊಂಡೆ.

ಮಾರ್ಚ್ 19
ಮೂವರು ಸಿಕ್ಕರು. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ... ಇನ್ನೊಬ್ಬ ಸಾಕು, ಮನೆಗೇ ಬಂದುಬಿಡುತ್ತೇನೆ ಎಂದೆ. ಹೆಂಡತಿ ನಂಬಲಿಲ್ಲ. ಮಗಳಿಗೆ ಐದು ವರ್ಷ. ಅಮ್ಮನಿಗೆ 'ನೀನು', ನನಗೆ 'ನೀವು' — ಮನೆಗೆ ಬಂದ ನೆಂಟನಿಗೆ ಅನ್ನುವ ಹಾಗೆ.

ಏಪ್ರಿಲ್ 2, ಮಧ್ಯಾಹ್ನ 3
ನಾಲ್ಕನೆಯವನು ತಾನಾಗಿ ಬಂದ. ಹೆಂಡತಿಯ ತಮ್ಮ! ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಅತ್ತೆಗೆ ಹೋದ ತಿಂಗಳಷ್ಟೇ ಹೃದಯದ ಆಪರೇಷನ್ ಆಗಿದೆ. ಸರಸರ ಫಾರಂ ತುಂಬಿದವನು ಹನ್ನೆರಡನೆಯ ಕಾಲಂಗೆ ನಿಂತ. ನೀರೊಳಗಿರುವಾಗ ಮನೆಯ ಕೆಟ್ಟ ಸುದ್ದಿ ತಿಳಿಸಬೇಕೆ?
"ಭಾವ, ಇಲ್ಲೇನ್ ಬರೀಲಿ?"
ಎಲ್ಲರೂ 'ಬೇಡ' ಎಂದೇ ಬರೆಯುತ್ತಾರೆ. ಗಟ್ಟಿಗರ ಲಕ್ಷಣವಂತೆ. ನಾನೂ ಬರೆದಿದ್ದೆ. ಅಪ್ಪ ಸತ್ತ ಮೇಲೆ ಮೂವತ್ತೆಂಟು ದಿನ ಕ್ಯಾಪ್ಟನ್ ನನ್ನೆದುರೇ ಕೂತು ಉಂಡ, ಇಸ್ಪೀಟು ಆಡಿದ, ನನ್ನ ಜೋಕಿಗೆ ನಕ್ಕ. ಸುದ್ದಿ ಅವನ ಜೇಬಿನಲ್ಲಿತ್ತು. ದಡ ಮುಟ್ಟಿದ ಮೇಲೆ ಹೆಗಲ ಮೇಲೆ ಕೈಯಿಟ್ಟ. ಆ ಕೈ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.
"ಬೇಡ ಅಂತ ಬರಿ," ಎಂದೆ.
ಬರೆದ. ನಾಲ್ಕೂವರೆಗೆ ಸಾಹೇಬರು ನನ್ನ ಕಾಗದಕ್ಕೆ ಸಹಿ ಹಾಕಿದರು.

ಅದೇ ದಿನ, ಸಂಜೆ 7
ಹೆಂಡತಿ ಬಾಗಿಲಲ್ಲೇ ಕೇಳಿದಳು, ನಾಲ್ಕನೆಯವನು ಸಿಕ್ಕನಾ ಎಂದು. ಸಿಕ್ಕ ಎಂದೆ. ಎಷ್ಟು ವರ್ಷವಾಯಿತೋ ಅವಳು ಹೀಗೆ ನಕ್ಕು. ಅವಳೆದುರೇ ಕೂತು ಉಂಡೆ. ಯಾರವನು, ಪಾಪ, ಎಂದಳು. ಯಾರೋ ಒಬ್ಬ ಎಂದೆ. ಕಾಗದ ನನ್ನ ಜೇಬಿನಲ್ಲಿತ್ತು.
ಹಾಲ್‌ನಲ್ಲಿ ಅವಳ ಫೋನ್ ಹೊಡೆದುಕೊಳ್ಳುತ್ತಿದೆ. ಮಾಮನ ಫೋನು ಅಂತ ಮಗಳು ಕೂಗುತ್ತಿದ್ದಾಳೆ. ಅವಳು ಕೈ ಒರೆಸಿಕೊಂಡು —