ಬೀಗರ ಮನೆಗೆ ಬಂದ ಫೋನ್

ಓಮ್ಸ್ಕ್, ಮಾರ್ಚ್ 9

ಅಕ್ಕಾ,

ಬೀಗರ ಮನೆ ಸೇರಿದೆ. ಯುಕ್ರೇನ್ ಯುದ್ಧದ ವಿಷಯಕ್ಕೆ ಇಲ್ಲಿ ಗಂಡ ಹೆಂಡತಿಗೆ ದಿನವೂ ಜಗಳ. ಬೀಗರು ಅಧ್ಯಕ್ಷರ ಪರ, ಬೀಗಿತ್ತಿ ಕಡು ವಿರೋಧಿ. ನಿನ್ನೆ ಊಟದ ಹೊತ್ತಿಗೆ ಯುದ್ಧದ ಬಗ್ಗೆ ಜನರ ಅಭಿಪ್ರಾಯ ಕೇಳುವವರ ಫೋನ್ ಬಂತು. ಬೀಗಿತ್ತಿಯೇ ಎತ್ತಿ, ಜೇನಿನಂಥ ದನಿಯಲ್ಲಿ, "ಪೂರ್ತಿ ಬೆಂಬಲ ಕಣಪ್ಪಾ, ನಮ್ಮನೇಲಿ ಎಲ್ಲರದ್ದೂ!" ಅಂದಳು. ಬೀಗರು ಹಂಗಿಸುತ್ತಾರೆ ಅಂದುಕೊಂಡೆ. ಅವರೋ ಬಿಳಿಚಿಕೊಂಡು, "ಒಳ್ಳೇದ್ ಮಾಡ್ದೆ ಕಣೇ, ನಮ್ಮ ನಂಬರ್ ಅವರ ಹತ್ರ ಇದೆ" ಅಂದರು.

ನನ್ನ ಬಿ.ಪಿ. ಏರಿದೆ, ಮಾತ್ರೆ ಸಾಕಷ್ಟಿವೆ. ಅಂಚೆಗೆ ಹಾಕಲು ಹೆದರಿ, ಇದನ್ನು ರೈಲಿನ ಬೋಗಿ ನೋಡಿಕೊಳ್ಳುವವಳ ಕೈಲಿ ಕಳಿಸಿದ್ದೇನೆ. ಓದಿ ಒಲೆಗೆ ಹಾಕು. ನಿನ್ನ ನಾಲಿಗೆ ನನಗೆ ಗೊತ್ತು. ಅಲ್ಲಿಗೂ ಫೋನ್ ಬಂದರೆ ಭಾವನೇ ಎತ್ತಲಿ. ನಿನಗೆ ಗಂಟಲು ನೋವು.

ರಿಮ್ಮಾ